ವಸ್ತ್ರದ ಕೆಳಗಿನ ಕೈ

ದಾದಾಸಾಹೇಬರು ತುತ್ತು ಬಾಯಿಗಿಟ್ಟುಕೊಂಡವರು ಹಾಗೇ ತಡೆದರು. ನುಂಗಲಿಲ್ಲ, ಉಗುಳಲೂ ಇಲ್ಲ. ಎಡಗೈಯ ಬೆರಳನ್ನು ಬೇಳೆಯ ಬಟ್ಟಲಲ್ಲಿ ಅದ್ದಿ ನಾಲಿಗೆಗೆ ತಾಗಿಸಿಕೊಂಡು, ಇವತ್ತಾದರೂ ಇದ್ದೀತೇ ಎಂಬಂತೆ ಸೊಸೆಯ ಮುಖ ನೋಡಿದರು. ಇವತ್ತೂ ಇರಲಿಲ್ಲ. ಹದಿನಾಲ್ಕು ತಿಂಗಳಿಂದ ಆ ಬಟ್ಟಲಿಗೆ ಉಪ್ಪಿನ ಒಂದು ಹರಳೂ ಬಿದ್ದಿರಲಿಲ್ಲ.

"ಉಣ್ರಿ ಮಾಮಾ, ಆರಿ ಹೋಗ್ತೈತಿ," ಎಂದಳು ಶಾಲನ, ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು. ದನಿಯಲ್ಲಿ ಬಿರುಸಿರಲಿಲ್ಲ. ಬಿರುಸು ಬೇಕಾಗಿಯೂ ಇರಲಿಲ್ಲ.

ಕಾಲೇಜಿಗೆ ಹೊರಟಿದ್ದ ಮಗಳು ಸೋನಲ ಚೀಲ ಹೆಗಲಿಗೇರಿಸುತ್ತ ನಿಂತಳು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ನಾಲಿಗೆಗೆ ಮಾತ್ರ ಮರಾಠಿಯೇ ಬರುತ್ತಿತ್ತು. "ಆಯಿ, ಆಜೋಬಾಂನಾ ಥೋಡಂ ಮೀಠ ದೇ ನಾ," ಎಂದಳು. ಅಜ್ಜನಿಗೆ ಚಿಟಿಕೆ ಉಪ್ಪು ಕೊಟ್ಟರೆ ಏನಾಗುತ್ತದೆ ಎಂದು ಅವಳು ಕೇಳುವುದು ಇದು ಮೊದಲ ಸಲವಲ್ಲ. ಶಾಲನ ಕಪಾಟಿನ ಬಾಗಿಲಿಗೆ ಅಂಟಿಸಿದ ಕಾಗದದ ಕಡೆ ಕೈ ತೋರಿಸಿದಳು. ಮಿರಜದ ಡಾಕ್ಟರು ಬರೆದುಕೊಟ್ಟ ಹನ್ನೊಂದು ಸಾಲು. ಉಪ್ಪು, ತುಪ್ಪ, ಸಕ್ಕರೆ, ಕರಿದದ್ದು, ತಂಬಾಕು ಬಂದ್. ದಿನಾ ಎರಡು ಹೊತ್ತು ನಡೆಯಬೇಕು, ಗುಳಿಗೆ ಹೊತ್ತಿಗೆ ಸರಿಯಾಗಿ ಬೀಳಬೇಕು. ಒಂದು ಸಾಲನ್ನೂ ಶಾಲನ ತಪ್ಪಿಸಿರಲಿಲ್ಲ. ಲಕ್ವಾ ಹೊಡೆದು ಬಲಗಡೆ ಸತ್ತು, ಮಾತೂ ನಿಂತುಹೋದ ಮುದುಕನನ್ನು ಹೆಗಲು ಕೊಟ್ಟು ಎಬ್ಬಿಸಿ, ಸಾಂಗ್ಲಿಯ ವಖಾರಭಾಗದ ಆ ಹಳೆಯ ಮನೆಯ ಪಡಸಾಲೆಯಲ್ಲಿ ಮುಂಜಾನೆ ಇಪ್ಪತ್ತು ಸುತ್ತು, ಸಂಜೆ ಇಪ್ಪತ್ತು ಸುತ್ತು ಹಾಕಿಸುತ್ತಿದ್ದಳು. ಅವರು ಕಣ್ಣಲ್ಲೇ ಬೇಡಿಕೊಂಡರೂ ಹತ್ತೊಂಬತ್ತಕ್ಕೆ ಬಿಟ್ಟವಳಲ್ಲ. ನಲವತ್ತು ವರ್ಷ ಅವರ ಸೊಂಟದಲ್ಲಿದ್ದ ತಂಬಾಕಿನ ಚಂಚಿಯನ್ನು ಒಗೆದು, ಒಣಗಿಸಿ, ಅವರ ಮಂಚದ ಎದುರಿನ ಗೂಟಕ್ಕೇ ತೂಗುಹಾಕಿದ್ದಳು.

ಬಸದಿಗೆ ಬರುವ ಹೆಂಗಸರು ಹೊಗಳುತ್ತಿದ್ದರು. ಗಂಡ ಹೋದ ಮೇಲೂ ಮಾವನನ್ನು ಹೀಗೆ ನೋಡಿಕೊಳ್ಳುವ ಸೊಸೆ ಈ ಕಾಲದಲ್ಲಿ ಎಲ್ಲಿದ್ದಾಳೆ ಎಂದು ತಮ್ಮ ತಮ್ಮ ಸೊಸೆಯರಿಗೆ ಕೇಳಿಸುವಂತೆ ಅನ್ನುತ್ತಿದ್ದರು. ಶಾಲನ ಸೆರಗು ತಲೆಯ ಮೇಲೆ ಎಳೆದುಕೊಂಡು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಆ ಹೊಗಳಿಕೆ ಅವಳಿಗೆ ಹಿತವಾಗುತ್ತಿತ್ತು, ಅವರು ತಿಳಿದ ಕಾರಣಕ್ಕಲ್ಲ.

ಒಂಬತ್ತು ವರ್ಷದ ಹಿಂದಿನ ಮಾತು. ಅರಿಷಿಣದ ಸುಗ್ಗಿ, ಗುಡಿ ಪಾಡವಾಕ್ಕೆ ಎರಡು ದಿನ ಮುಂಚೆ. ಆ ಮುಂಜಾನೆ ಅವಳ ಗಂಡ ಶ್ರೀಪಾಲ ಎದೆಯ ಮೇಲೆ ಯಾರೋ ಚೀಲ ಹೇರಿದಂತಾಗುತ್ತದೆ, ಎಡಗೈ ಜುಂ ಎನ್ನುತ್ತದೆ ಎಂದು ಹಾಸಿಗೆಯಲ್ಲೇ ಕೂತ. ಮೂವತ್ತಾರು ತುಂಬಿದ ಗಂಡಸು. ರಿಕ್ಷಾ ತರಿಸಿ ಮಿರಜಕ್ಕೆ ಹೋಗೋಣ ಎಂದು ಶಾಲನ ಅಂದಳು. ದಾದಾಸಾಹೇಬರು ತಾವೇ ನೀರಿಗೆ ಸೋಡಾ ಕಲಸಿ ತಂದು ಕುಡಿಸಿದರು.

"ಪಿತ್ತ ಐತಿ ಅಷ್ಟ. ಸೌದಾ ದಿನಾ ದವಾಖಾನಿ ಮಾತ ತಗೀಬ್ಯಾಡ," ಎಂದರು.

ಯಾರ್ಡಿನಲ್ಲಿ ರೈತರ ಅರಿಷಿಣ ಮಾರಿಕೊಡುವ ಅಡತಿ ಅಂಗಡಿ ದಾದಾಸಾಹೇಬರದು, ಶ್ರೀಪಾಲ ಇಲ್ಲದೆ ಅವರ ಸೌದಾ, ವ್ಯಾಪಾರ, ನಡೆಯುತ್ತಿರಲಿಲ್ಲ. ಅರಿಷಿಣದ ದರವನ್ನು ಆ ಅಡತಿ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ರಾಶಿಯ ಮುಂದೆ ಇಬ್ಬರು ಕೈ ಚಾಚಬೇಕು, ಮೇಲೊಂದು ವಸ್ತ್ರ ಹೊದಿಸಬೇಕು, ಕೆಳಗೆ ಬೆರಳು ಹಿಡಿದು ದರ ತಿಳಿಸಬೇಕು. ಒಂದು ಬೆರಳಿಗೆ ಒಂದು, ಅಂಗೈ ಪೂರ್ತಿ ಹಿಡಿದರೆ ಐದು; ಮೊದಲು ಹತ್ತರ ಲೆಕ್ಕ, ಬಿಟ್ಟು ಮತ್ತೆ ಹಿಡಿದರೆ ಬಿಡಿಯ ಲೆಕ್ಕ. ಒಪ್ಪಿದರೆ ಒತ್ತುವುದು, ಒಪ್ಪದಿದ್ದರೆ ಕೈ ಎಳೆದುಕೊಳ್ಳುವುದು. ವಸ್ತ್ರದ ಕೆಳಗೆ ಎರಡು ಕೈ ಇದ್ದಾಗ ಸುತ್ತಲಿನವರು ಮುಖ ಬೇರೆ ಕಡೆ ತಿರುಗಿಸಿ ನಿಲ್ಲುವುದು ಮರ್ಯಾದೆ. ಶ್ರೀಪಾಲ ಖರೀದಿದಾರರ ಕೈಯೆಲ್ಲ ಹಿಡಿದು, ಕೊನೆಗೆ ಅಪ್ಪನ ಕೈ ಹಿಡಿದು ಎಲ್ಲಕ್ಕಿಂತ ಮೇಲಿನ ದರ ತಿಳಿಸುತ್ತಿದ್ದ. ಮದುವೆಯಾದ ಹೊಸತರಲ್ಲಿ ಅದನ್ನು ಹೆಂಡತಿಗೂ ಕಲಿಸಿದ್ದ. ಅವಳ ಸೆರಗಿನ ಕೆಳಗೆ ಕೈ ತೂರಿಸಿ, ಇವತ್ತಿನ ಹೋಳಿಗೆಗೆ ಎಷ್ಟು ದರ ಎಂದು ಬೆರಳು ಹಿಡಿದು ಕಾಡುತ್ತಿದ್ದ.

ಆ ದಿನ ಮಧ್ಯಾಹ್ನ ಯಾರ್ಡಿನ ತಗಡಿನ ಪತ್ರಾಸಿನ ಕೆಳಗೆ, ಅರಿಷಿಣದ ರಾಶಿಯ ಮೇಲೇ ಅವನು ಕುಸಿದ. ಹೆಣ ತೊಳೆದರೂ ಉಗುರಿನ ಸಂದಿಯ ಹಳದಿ ಹೋಗಲಿಲ್ಲ.

ಹಣೆಬರಹ ಎಂದರು ಎಲ್ಲರೂ. ಶಾಲನಳೂ ಹಾಗೇ ಅಂದುಕೊಂಡಳು. ಮುದುಕನಿಗೆ ತಿಳಿಯಲಿಲ್ಲ, ತಿಳಿಯದೆ ಮಾಡಿದ್ದಕ್ಕೆ ಯಾರು ಏನು ಮಾಡಬೇಕು ಎಂದು ಎಂಟು ವರ್ಷ ಅದೇ ಮನೆಯಲ್ಲಿ ರೊಟ್ಟಿ ಬಡಿದಳು. ಆಮೇಲೆ ಮಾವನಿಗೆ ಲಕ್ವಾ ಹೊಡೆಯಿತು. ಮಿರಜದ ದವಾಖಾನೆಗೆ ನೋಡಲು ಬಂದ ತೂಕದ ಧರೆಪ್ಪ, ಯಾರ್ಡಿನಲ್ಲಿ ಮೂವತ್ತು ವರ್ಷ ಇವರದೇ ಚೀಲ ತೂಗಿದವನು, ವರಾಂಡದಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ.

"ವಹಿನಿ, ಮಾಲಕರ ಬಾಯೇ ಹೋತು. ಇನ್ನ ನಾ ಯಾಕ ಬಾಯಿ ಹೊಲಕೊಂಡು ಕುಂದ್ರಲಿ," ಎಂದ. "ಅವತ್ತ ಶ್ರೀಪಾಲದಾದಾ ವಸ್ತ್ರದಾಗ ಕೈ ಕೊಟ್ಟಾಗ ನಾ ತಕ್ಕಡಿ ಹಿಡದು ಬಾಜೂಕ ನಿಂತಿದ್ದೆ. ಮಾಲಕರು ಕೈ ಹಿಡದವರ ಬಿಟ್ಟು ತಮ್ಮ ಧೋತ್ರಕ್ಕ ಅಂಗೈ ವರಸಿಕೊಂಡ್ರು. ಮಗನ ಕೈ ಬೆವತು ಅಷ್ಟು ತೊಯ್ದಿತ್ತು. ಮಗನ ಮಾರಿ ನೋಡಿದ್ರು. ನೋಡಿ, 'ಇನ್ನೊಂದ ರಾಶಿ ಉಳದೈತಿ, ಅಷ್ಟ ಮುಗಸು' ಅಂದ್ರು. ಆಮ್ಯಾಲ ಅವನ್ನ ಎತ್ತಿದಾವ ನಾನ. ಬರ್ಫದಂಗಿತ್ತು ಕೈ."

ಎದುರಿನವನ ಬೆರಳು ಕೂದಲೆಳೆಯಷ್ಟು ನಡುಗಿದರೂ ಅವನ ಮನಸ್ಸಿನ ದರ ಹೇಳುತ್ತಿದ್ದ ಕೈ ಮಾವನದು. ಆ ಕೈಗೆ ತಿಳಿದಿತ್ತು.

ಮರುದಿನ ಡಾಕ್ಟರು ಮನೆಗೆ ಕಳಿಸುತ್ತ ಆ ಹನ್ನೊಂದು ಸಾಲು ಬರೆದುಕೊಟ್ಟರು. ಅಥಣಿ, ಚಿಕ್ಕೋಡಿ ಕಡೆಯ ರೋಗಿಗಳ ಸಹವಾಸದಿಂದ ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಇಷ್ಟು ವರ್ಷದ ತಂಬಾಕು, ಊಟದ ಮೇಲೆ ಸುರಿದುಕೊಳ್ಳುವ ಉಪ್ಪು, ಅಂಗಡಿಯ ಗಾದಿಯ ಮೇಲೆ ದಿನವಿಡೀ ಕೂತದ್ದು, ಇದೆಲ್ಲ ಇದ್ದೂ ಈ ಮನುಷ್ಯ ಎಪ್ಪತ್ತೆರಡು ದಾಟಿದ್ದೇ ಹೆಚ್ಚು. ಇದನ್ನು ಕಟ್ಟುನಿಟ್ಟಾಗಿ ನಡೆಸಿದರೆ ಇನ್ನೂ ಹತ್ತು ವರ್ಷ ತೆಗೆದಾರು ಎಂದರು.

"ಹತ್ತ ವರ್ಷ ಖರೇ ಏನ್ರಿ?" ಎಂದು ಶಾಲನ ಎರಡು ಸಲ ಕೇಳಿದಳು. ಡಾಕ್ಟರು ಅದನ್ನು ಪ್ರೀತಿ ಎಂದುಕೊಂಡರು.

ಬೇಗ ಹೋಗಿಬಿಡುವುದು ಅವಳಿಗೆ ಬೇಡವಾಗಿತ್ತು. ಇರಬೇಕು. ಒಂದೊಂದು ತುತ್ತಿಗೂ ಮಗ ಹೋದ, ತಾನು ಇದ್ದೇನೆ ಎಂಬುದು ನೆನಪಾಗುವಂತೆ ಇರಬೇಕು. ಬಸದಿಯಲ್ಲಿ ಪಂಡಿತರು ಹಳೆಯ ಕಾವ್ಯ ಓದಿ ಅರ್ಥ ಹೇಳುವಾಗ, ಒಂದು ಜನ್ಮದಲ್ಲಿ ನುಂಗಿಕೊಂಡ ಸಿಟ್ಟು ಮುಂದಿನ ಜನ್ಮದಲ್ಲಿ ಹಾವಾಗಿ ಹುಟ್ಟಿ ಅದೇ ಮನೆಯ ಹೊಸ್ತಿಲಲ್ಲಿ ಸುತ್ತಿಕೊಂಡ ಕಥೆ ಬಂತು. ಚಿಕ್ಕಂದಿನಿಂದ ತವರೂರು ಸಲಗರೆಯ ಬಸದಿಯಲ್ಲಿ ಅಜ್ಜನ ಮಗ್ಗುಲಿಗೆ ಕೂತು ಕೇಳಿದ ಕಥೆಯೇ. ಆಗೆಲ್ಲ ಅವಳಿಗೆ ಮೈ ನಡುಗುತ್ತಿತ್ತು. ಈ ಸಲ ನಡುಗಲಿಲ್ಲ. ಮುಂದಿನ ಜನ್ಮದ ತನಕ ಯಾಕೆ ಕಾಯಬೇಕು ಎಂದುಕೊಂಡಳು. ಈ ಮನೆ ಇದೆ, ಈ ಅಡಿಗೆಮನೆ ಇದೆ. ಊರೆಲ್ಲ ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುವ ಪರ್ವದ ದಿನ ನೆರೆಯವರಿಗೆ, ಮುಸುರೆಯವಳಿಗೆ, ಹಾಲಿನವನಿಗೆ ಸಹ ಕೈ ಮುಗಿದಳು. ದಾದಾಸಾಹೇಬರು ಒಂದೇ ಕೈಯನ್ನು ಎದೆಯ ತನಕ ಎತ್ತಿ ಅವಳ ಕಡೆ ಹಿಡಿದಾಗ, ಹಾಲು ಉಕ್ಕುತ್ತದೆ ಎಂದು ಒಳಗೆ ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ.

ಅವರ ಊಟವಾದ ಮೇಲೆ ಅವಳ ಊಟ. ಅಡಿಗೆಮನೆಯಲ್ಲಿ ನಿಂತೇ, ಬೇರೆ ಪಾತ್ರೆಯಲ್ಲಿ ಬೇಯಿಸಿದ ಬೇಳೆಗೆ ಮತ್ತೊಂದು ಚಿಟಿಕೆ ಉಪ್ಪು, ನಂಚಿಕೊಳ್ಳಲು ಮಾವಿನ ಉಪ್ಪಿನಕಾಯಿ, ಹಪ್ಪಳ. ಪಡಸಾಲೆಯಲ್ಲಿ ಮುದುಕ ಬಾಯಿ ತೊಳೆಯುವ ಸಪ್ಪಳ ಕೇಳುತ್ತ, ಅವರ ಪಾಲಿನ ಉಪ್ಪನ್ನೂ ತಾನೇ ತಿನ್ನುವವಳಂತೆ ತಿನ್ನುತ್ತಿದ್ದಳು.

ಏಪ್ರಿಲಿನ ಮೊದಲ ವಾರ ತಪಾಸಣೆಗೆ ಮಿರಜಕ್ಕೆ ಹೋದರು. ದವಾಖಾನೆ ಒಂದು ವರ್ಷದಲ್ಲಿ ಗುರುತು ಸಿಗದಷ್ಟು ಬದಲಾಗಿತ್ತು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಗೋಡೆಯ ಟಿವಿಯಲ್ಲಿ ಹೃದಯಕ್ಕೆ ಒಳ್ಳೆಯದೆಂಬ ಎಣ್ಣೆಯ ಜಾಹಿರಾತು. ರೋಗಿಯ ಜೊತೆ ಬಂದವರಿಗೆ ಈ ತಿಂಗಳು ತಪಾಸಣೆ ಪುಕ್ಕಟೆ ಎಂದು ಬೋರ್ಡು ಹಾಕಿದ್ದರು. ಬೇಡವೆಂದರೂ ನರ್ಸು ಶಾಲನಳ ತೋಳಿಗೆ ಪಟ್ಟಿ ಸುತ್ತಿದಳು. ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು, ಡಾಕ್ಟರನ್ನು ಕರೆತಂದಳು.

ಡಾಕ್ಟರು ಮೊದಲು ದಾದಾಸಾಹೇಬರ ಕಾಗದ ನೋಡಿ, ಇವರ ಬಿಪಿ ನನ್ನದಕ್ಕಿಂತ ಚೊಲೋ ಇದೆ ಎಂದು ನಕ್ಕರು. ಆಮೇಲೆ ಅವಳದನ್ನು ತಾವೇ ಮೂರನೆಯ ಸಲ ನೋಡಿದರು. ನೂರಾ ತೊಂಬತ್ತು, ಕೆಳಗೆ ನೂರಾ ಹದಿನೈದು. ನಿದ್ದೆ ಬರುತ್ತದೆಯೇ, ಉಪ್ಪು ಎಷ್ಟು ತಿನ್ನುತ್ತೀರಿ ಎಂದು ಕೇಳಿ, ಕನ್ನಡಕ ತೆಗೆದರು.

"ಮನಸಿನ್ಯಾಗ ಏನರ ಇಟಗೊಂಡೀರೇನು?"

"ಏನೂ ಇಲ್ಲರಿ."

"ಹಿಂಗ ಬಿಟ್ರ ನೀವು ನಿಮ್ಮ ಮಾವನಕಿಂತ ಮೊದಲ ಹೋಗ್ತೀರಿ ನೋಡ್ರಿ," ಎಂದರು ಅವರು, ಅರ್ಧ ಚೇಷ್ಟೆಯಲ್ಲಿ. ಹನ್ನೊಂದು ಸಾಲು ಬರೆಯಲು ಕಾಗದ ಎಳೆದುಕೊಂಡರು.

"ಕಾಗದ ಬ್ಯಾಡ್ರಿ. ಮನ್ಯಾಗ ಐತಿ," ಎಂದಳು ಶಾಲನ.

ಗಾಲಿಕುರ್ಚಿಯಲ್ಲಿ ಕೂತಿದ್ದ ದಾದಾಸಾಹೇಬರು ಇದನ್ನೆಲ್ಲ ಕೇಳಿದರು. ಮಾತು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ಅವರು ಅವಳ ಮುಖವನ್ನು ಬಹಳ ಹೊತ್ತು ನೋಡಿದರು.

ರಿಕ್ಷಾದಲ್ಲಿ ಬರುವಾಗ ಅವಳಿಗೆ ಒಂದೇ ಯೋಚನೆ. ತಾನು ಮೊದಲು ಹೋದರೆ ಈ ಮುದುಕ ಉಳಿಯುತ್ತಾನೆ, ತಾನೇ ಕಾಪಾಡಿಟ್ಟ ಮೈಯಲ್ಲಿ ಸುಖವಾಗಿ ಉಳಿಯುತ್ತಾನೆ. ಮೆತ್ತನೆಯ ಮನಸ್ಸಿನ ಸೋನಲ ಮರುದಿನವೇ ಬೇಳೆಗೆ ಉಪ್ಪು ಹಾಕುತ್ತಾಳೆ. ಗೂಟದಿಂದ ಚಂಚಿಯನ್ನೂ ಇಳಿಸಿಕೊಟ್ಟಾಳು. ಗಂಡನನ್ನು ತಿಂದದ್ದಲ್ಲದೆ ತನ್ನನ್ನೂ ತಿಂದು ಕೈ ತೊಳೆಯುತ್ತಾನೆ.

ಮರುದಿನದಿಂದ ಮನೆಯಲ್ಲಿ ಒಂದೇ ಪಾತ್ರೆ. ಮಗಳಿಗಷ್ಟೇ ಆಮೇಲೆ ಉಪ್ಪು ಕಲಸುವುದು. ಇಪ್ಪತ್ತು ವರ್ಷದಲ್ಲಿ ಮಾವನೆದುರು ಉಣ್ಣಲು ಕೂತವಳಲ್ಲ ಶಾಲನ. ಆದರೆ ತನ್ನ ಹಠ ಅವರಿಗೆ ಕಾಣಲಿ ಎಂದು ತಾಟು ಹಿಡಿದು ಎದುರಿಗೇ ಕೂತಳು. ಮೊದಲ ತುತ್ತು ಬಾಯಿಗಿಟ್ಟಾಗ ಒದ್ದೆ ಮಣ್ಣು ತುಂಬಿಕೊಂಡಂತಾಯಿತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ತಲೆಯೆತ್ತಿದರೆ ದಾದಾಸಾಹೇಬರು ಅವಳ ಗಂಟಲನ್ನೇ ನೋಡುತ್ತಿದ್ದರು. ನುಂಗಿದಳು. ಅವರೂ ತಮ್ಮ ತುತ್ತು ನುಂಗಿದರು. ಆ ದಿನ ಅವರು ಬೆರಳದ್ದಿ ನೋಡಲಿಲ್ಲ, ತಾಟು ಖಾಲಿ ಮಾಡಿದರು.

ಹೀಗೆ ಒಂಬತ್ತು ದಿನ. ಹತ್ತನೆಯ ದಿನ ಮಧ್ಯಾಹ್ನ ಲೈಟು ಹೋಗಿ ಫ್ಯಾನು ನಿಂತಿತ್ತು. ಸೋನಲ ಕಿಟಕಿಯ ಹತ್ತಿರ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತ ಓದುತ್ತಿದ್ದಳು. ದಾದಾಸಾಹೇಬರು ಎರಡು ತುತ್ತು ಉಂಡು ಕೈ ತಡೆದರು. ಎಡ ಹೆಗಲ ಮೇಲಿನ ವಸ್ತ್ರವನ್ನು ಜಗ್ಗಿ ತಮ್ಮ ಎಡಗೈಯ ಮೇಲೆ ಕೆಡವಿಕೊಂಡರು. ಆ ಕೈಯನ್ನು ತಾಟಿನ ಬದಿಯಿಂದ ಅವಳ ಕಡೆ ನಿಧಾನವಾಗಿ ಸರಿಸಿದರು.

ಶಾಲನ ಬೇಡವೆಂದುಕೊಂಡಳು. ಆದರೂ ಕೈ ಒಳಗೆ ಹೋಯಿತು.

ಮೂರು ಬೆರಳು ಹಿಡಿದರು. ಬಿಟ್ಟರು. ಅಂಗೈ ಪೂರ್ತಿ ಹಿಡಿದರು, ಮತ್ತೆ ಒಂದು ಬೆರಳು. ಮೂವತ್ತಾರು. ಅರಿಷಿಣದ ದರವಲ್ಲ ಅದು. ಶ್ರೀಪಾಲನ ವಯಸ್ಸು. ಒಂಬತ್ತು ವರ್ಷ ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರದ ಅಂಕಿ. ಮತ್ತೊಮ್ಮೆ ಅದನ್ನೇ ಹಿಡಿದರು: ಮೂರು, ಅಂಗೈ, ಒಂದು. ಆಮೇಲೆ, ಪರ್ವದ ದಿನ ಅವಳ ಕಡೆ ಎತ್ತಿ ಹಿಡಿದಿದ್ದ ಆ ಕೈಯನ್ನು ಸಡಿಲ ಬಿಟ್ಟು, ಸೌದಾದಲ್ಲಿ ಉತ್ತರಕ್ಕೆ ಕಾಯುವವರಂತೆ ಕಾದರು.

ಒಪ್ಪುವುದಿಲ್ಲ ಎಂದು ಅವಳು ಕೈ ಎಳೆದುಕೊಂಡಳು. ಎಳೆದುಕೊಂಡ ಕೈಯನ್ನು ಸೆರಗಿಗೆ ಒರಸಿದಳು. ಒರಸಿದ ಮೇಲೆ, ಯಾಕೆ ಒರಸಿದೆ ಎಂದು ಸೆರಗು ನೋಡಿದಳು. ಅಂಗೈಯಗಲ ತೊಯ್ದಿತ್ತು. ಹೊರಗೆ ಬಿಸಿಲು ಧಗಧಗ ಅನ್ನುತ್ತಿತ್ತು, ತೊಯ್ದ ಸೆರಗು ಮಾತ್ರ ತಣ್ಣಗಿತ್ತು. ಮುದುಕನ ಹಣೆಯಲ್ಲಿ ಬೆವರ ಹನಿ ಸಾಲುಗಟ್ಟಿದ್ದವು, ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮುಂಜಾನೆಯ ಸುತ್ತು ಹಾಕುವಾಗಲೇ ಅವರು ಎರಡು ಸಲ ಎದೆ ಹಿಡಿದುಕೊಂಡದ್ದು ನೆನಪಾಯಿತು. ಇಪ್ಪತ್ತನ್ನೂ ಮುಗಿಸಿದ್ದರು. ಬೇಡಿಕೊಂಡಿರಲಿಲ್ಲ.

ಉಣ್ರಿ ಮಾಮಾ, ಆರಿ ಹೋಗ್ತೈತಿ. ಹದಿನಾಲ್ಕು ತಿಂಗಳು ದಿನಾ ಹೇಳಿದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟು ಅಂದಿದ್ದರೆ ಸಾಕಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಶಾಲನ ತೊಯ್ದ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು.

"ಸೋನಲ, ರಿಕ್ಷಾ ತಾ," ಎಂದಳು. "ಮಿರಜಕ್ಕಂತ ಹೇಳು. ಓಡು."

ಸಾಂಗ್ಲಿ-ಮಿರಜ ರಸ್ತೆಯ ಎರಡೂ ಬದಿಗೆ ಹೊಸ ಅಪಾರ್ಟಮೆಂಟುಗಳು ಎದ್ದಿದ್ದವು, ಕೆಲವಕ್ಕೆ ಇನ್ನೂ ಬಿದಿರಿನ ಅಟ್ಟ ಬಿಚ್ಚಿರಲಿಲ್ಲ. ಸೋನಲ ಡ್ರೈವರನ ಪಕ್ಕದಲ್ಲಿ ತುದಿಗೆ ಕೂತು ಜಲ್ದಿ, ಜಲ್ದಿ ಎನ್ನುತ್ತಿದ್ದಳು. ದಾದಾಸಾಹೇಬರ ತಲೆ ಶಾಲನಳ ಹೆಗಲಿಗೆ ಬಿದ್ದಿತ್ತು. ಅವರು ಕಣ್ಣು ಮುಚ್ಚಿದಾಗಲೆಲ್ಲ ಅವಳು ಹೆಗಲನ್ನು ಅಲುಗಾಡಿಸುತ್ತಿದ್ದಳು.

"ಇಷ್ಟ ಲಗೂ ಬಿಡಂಗಿಲ್ಲ ನಿಮ್ಮನ್ನ," ಎಂದಳು ಅವರ ಕಿವಿಯ ಹತ್ತಿರ, ಮೆಲ್ಲಗೆ. "ಕಣ್ಣ ತಗೀರಿ."

ಅವರು ಕಣ್ಣು ತೆರೆದರು.

ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಿತು. ಬದಿಗೆ ಬಂದು ನಿಂತ ಮೋಟರ್‌ಸೈಕಲ್ಲಿನ ಮೇಲೆ ಹಳದಿ ಮೆತ್ತಿದ ಧೋತ್ರದ ಒಬ್ಬ ಹಿರಿಯ ಇದ್ದ, ಯಾರ್ಡಿನಿಂದ ಬರುತ್ತಿದ್ದವನಿರಬೇಕು. ಅವನು ಸಹಜವಾಗಿ ಒಳಗೆ ಇಣುಕಿದ. ಮುದುಕನ ಮಡಿಲಲ್ಲಿ ವಸ್ತ್ರ ಹಾಸಿತ್ತು, ಅದರ ಕೆಳಗೆ ಮುದುಕನದೊಂದು, ಶಾಲನಳದೊಂದು, ಎರಡು ಕೈಗಳಿದ್ದವು. ಅವನು ಮರ್ಯಾದೆಯಿಂದ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡ.