ಎಲೆಯಡಿಯ ಕಪ್ಪು ಜೀವ

ಅಂದು ಬೆಳಗಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಮೊಣಕಾಲೂರಿ ತರಗೆಲೆ ಕೆದಕುತ್ತಿದ್ದ ಮಾಲಿಯ ಹೆಂಡತಿಗೆ ತನ್ನ ಕೈಯೇ ಸರಿಯಾಗಿ ಕಾಣುತ್ತಿರಲಿಲ್ಲ. ಗಂಡ ಆಸ್ಪತ್ರೆ ಸೇರಿ ಎರಡು ದಿನ. ಬೆರಳಲ್ಲಿ ಶುರುವಾದ ಬಾವು ಮೊಣಕೈ ಮುಟ್ಟಿತ್ತು. ಕಪ್ಪು ಜೇಡವೊಂದು ಕಚ್ಚಿ ಎಲೆರಾಶಿಯೊಳಗೆ ಓಡಿದ್ದನ್ನು ಕಣ್ಣಾರೆ ಕಂಡೆನೆಂದು ಅತ್ತೆ ಆಣೆಯಿಟ್ಟಿದ್ದರು. ಯಾವ ಜೇಡವೆಂದು ತಿಳಿಯಬೇಕು, ಸಂಜೆಯೊಳಗೆ ಬಾವು ಇಳಿಯದಿದ್ದರೆ ಕೈ ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು.

ಗೊಬ್ಬರಕ್ಕೆಂದು ಎಲೆ ರಾಶಿ ಹಾಕಿದವಳು ಇವಳೇ. "ಗುಡಿಸೋಕೆ ಮೈ ಬಗ್ಗಲಿಲ್ಲ ನಿಂಗೆ. ನನ್ನ ಮಗನ ಕೈಗೇ ಬಂತು ನೋಡು," ಎಂದ ಅತ್ತೆ ಆಮೇಲೆ ಅವಳನ್ನು ಹಾಸಿಗೆಯ ಹತ್ತಿರ ಸೇರಿಸಿರಲಿಲ್ಲ.

ದೇವರೇ, ಒಂದು ಸಲ ತೋರಿಸು ಎಂದು ಬೇಡುತ್ತ ಒಂದೊಂದೇ ಎಲೆ ಎತ್ತಿದಳು. ಕೊನೆಗೆ ಕೊಳೆತ ಎಲೆಯಡಿ ಕಪ್ಪಗೆ ಏನೋ ಸರಕ್ಕನೆ ಸರಿಯಿತು. ಜೊತೆಗೆ ತಂದಿದ್ದ ಲೋಟದೊಳಗೆ ಅದನ್ನು ಬರಿಗೈಯಲ್ಲೇ ತಳ್ಳಿ, ಲೋಟದ ಬಾಯಿಗೆ ಅಂಗೈ ಮುಚ್ಚಿ ಹಿಡಿದು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಮೇಷ್ಟರ ಮನೆಗೆ ಓಡಿದಳು.

ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಹೊಟ್ಟೆಯ ತುದಿಯಲ್ಲಿ ನೂಲು ಬಿಡುವ ಎರಡು ಕೊಳವೆ ಬಿಡಿಬಿಡಿಯಾಗಿರುವುದನ್ನು ತೋರಿಸಿದರು. ಬಲೆ ಕಟ್ಟದೆ ನೆಲದ ಮೇಲೆ ಬೇಟೆಯಾಡುವ ಜಾತಿಯಂತೆ.

"ಇದು ಕಚ್ಚಿದ್ರೂ ಇರುವೆ ಕಚ್ಚಿದ ಹಾಗಮ್ಮ. ನೀನು ಹೇಳೋ ಹಾಗೆ ಕೈ ಬಾಯೋದಿಲ್ಲ. ಅವತ್ತು ಏನು ಕೆಲಸ ಮಾಡ್ತಿದ್ದ ನಿನ್ನ ಗಂಡ?"

"ಗುಲಾಬಿ ಗಿಡ ಸವರ್ತಿದ್ರು."

ಮೇಷ್ಟ್ರು ಕೂಡಲೇ ಡಾಕ್ಟರಿಗೆ ಫೋನು ಹಚ್ಚಿದರು.

ಅವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೆರಳು ಸೀಳಿಯಾಗಿತ್ತು. ತಟ್ಟೆಯಲ್ಲಿ ಕೀವಿನ ನಡುವೆ ಅರ್ಧ ಇಂಚಿನ ಮುಳ್ಳು. ಬೆರಳು ಉಳಿಯುವುದು ಅನುಮಾನ, ಕೈಯ ಮಾತು ನಾಳೆ ಎಂದು ಹೇಳಿ ಡಾಕ್ಟರು ಹೋದರು.

ಅತ್ತೆ ಗೋಡೆಗೊರಗಿ ಕೂತಿದ್ದರು. "ಓಡಿದ್ದನ್ನ ಕಂಡೆ ಕಣೆ," ಎಂದರು, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದಷ್ಟು ಮೆಲ್ಲಗೆ. "ಕಚ್ಚಿದ್ದನ್ನ ಕಾಣಲಿಲ್ಲ."

ಮದುವೆಯಲ್ಲಿ ಸೊಸೆಯೇ ಗಂಡನಿಗೆ ತೊಡಿಸಿದ್ದ ಉಂಗುರವನ್ನು ಹಿಂದಿನ ದಿನ ನರ್ಸು ಕತ್ತರಿಸಿ ತೆಗೆದಾಗ, ಅತ್ತೆ ಅದನ್ನು ಕೈಚಾಚಿ ಇಸಿದುಕೊಂಡಿದ್ದರು. ಈಗ ಆ ಮುಷ್ಟಿ ಬಿಚ್ಚಿತು. ತುದಿಗಳು ಕೂಡದ ಉಂಗುರವನ್ನು ಸೊಸೆಯ ಮಣ್ಣು ಮೆತ್ತಿದ ಅಂಗೈಯಲ್ಲಿಟ್ಟು, ಹಾಸಿಗೆಯ ಪಕ್ಕದ ಸ್ಟೂಲನ್ನು ಅವಳತ್ತ ಸರಿಸಿದರು.