ಮಾವನ ಕೆಮ್ಮು

ಐದನೆಯ ಸಲ ಹಚ್ಚಿದರೂ ಮಿನಾಜ ಫೋನ್ ಎತ್ತಲಿಲ್ಲ. ಒಣಗಲು ಹಾಕಿದ್ದ ಶೇಂಗಾ ಬಳಿದು ತುಂಬಲು ಮಾಳಿಗೆ ಹತ್ತಿದ್ದ ಸುಭದ್ರಾಬಾಯಿ ಬುಟ್ಟಿಯನ್ನು ಮರೆತು ನಿಂತಿದ್ದರು. ಭೀಮಾ ನದಿಯ ಕಡೆಯ ಆಕಾಶ ರೊಟ್ಟಿ ಹಂಚಿನ ತಳದಂತೆ ಕರ್ರಗಾಗಿತ್ತು. ಗಾಳಿ ಎಂಬುದೇ ಇರಲಿಲ್ಲ. ಎದುರು ಮನೆಯ ನಾಯಿ ಬಿಸಿಲಿಲ್ಲದ ಮಧ್ಯಾಹ್ನದಲ್ಲೂ ಗಾಡಿಯ ಕೆಳಗೆ ಹೋಗಿ ಮಲಗಿತ್ತು. ಆ ಕಪ್ಪಿನ ಅಡಿಯಲ್ಲೇ, ಊರಿಂದ ಎರಡು ಮೈಲಿಯಾಚೆಯ ತೊಗರಿ ಹೊಲದಲ್ಲಿ, ಕಳೆ ತೆಗೆಯಲು ಹೋದ ಹನ್ನೊಂದು ಹೆಣ್ಣುಮಕ್ಕಳಿದ್ದರು, ಮಿನಾಜಳೂ ಅವರಲ್ಲೊಬ್ಬಳು. ಬೆಳಗ್ಗೆ ಮೋಡ ನೋಡಿ ಹಿಂದೆಮುಂದೆ ನೋಡುತ್ತಿದ್ದ ಅವರನ್ನು ಧೈರ್ಯ ತುಂಬಿ ಕಳಿಸಿದ್ದು ಸುಭದ್ರಾಬಾಯಿಯ ಮಾತು.

ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿ ನಿವೃತ್ತರಾದ ಮೇಲೆ ಅವರಿಗೆ ಹತ್ತಿದ ಚಟ ಅದು. ದಿನಾ ಆರು ಗಂಟೆಗೆ ಮಾಳಿಗೆ ಹತ್ತಿ ಆಕಾಶ ನೋಡುವುದು, ಕಳೆ ತೆಗೆಯುವ ಹೆಂಗಸರ ವಾಟ್ಸಾಪ್ ಗುಂಪಿಗೆ ಅಂದಿನ ಹವಾ ಹೇಳಿ ಕಳಿಸುವುದು. ಮೂರು ದಿನ ಬಿಡದೆ ಹನಿಯುವುದು ಅಳಿಯನ ಮಳೆ, ಉಂಡರೂ ಹೋಗುವುದಿಲ್ಲ. ಬೆನ್ನಿಗೆ ಬಿದ್ದು ತಳ್ಳುವುದು ಕಂಡಕ್ಟರ್ ಗಾಳಿ. ಮುಂಜಾನೆ ತಣ್ಣಗಿದ್ದು ಊಟದ ಹೊತ್ತಿಗೆ ಉರಿಯುವುದು ಹೊಸ ಸೊಸೆಯ ಬಿಸಿಲು. ಮಂಜು ಬಿದ್ದರೆ ‘ಇವತ್ತ ಎಲ್ಲಾರೂ ಕಣ್ಣು ಮಸುಕಾದ ಚಾಂದಬೀ ಚಷ್ಮಾ ಹಾಕ್ಕೊಂಡೀರಿ’ ಎನ್ನುವರು. ಹೆಂಗಸರು ಬುತ್ತಿ ಕಟ್ಟುತ್ತ ಅದನ್ನು ಕೇಳಿ ನಕ್ಕು, ಅದರಂತೆ ಮಳೆಗೆ ತಲೆಯ ಮೇಲೆ ಹೊದೆಯುವ ಗೋಣಿಕೊಪ್ಪಿಯನ್ನೋ ನೀರಿನ ಎರಡನೆಯ ಬಾಟಲಿಯನ್ನೋ ತೆಗೆದುಕೊಂಡು ಹೊರಡುವರು.

ನಾಲ್ಕು ದಿನದಿಂದ ಗುಡುಗು ಮಾತ್ರ ಇತ್ತು, ಹನಿ ಇರಲಿಲ್ಲ. ಅದಕ್ಕೆ ಅವರಿಟ್ಟ ಹೆಸರು ಮಾವನ ಕೆಮ್ಮು. ಇಲ್ಲಿಯ ಮನೆಗಳಲ್ಲಿ ಮಾವನಾದವನು ಹೊಸ್ತಿಲ ಹೊರಗೆ ನಿಂತು ಕೆಮ್ಮುತ್ತಾನೆ, ಒಳಗಿನ ಸೊಸೆಯಂದಿರು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ, ಅವನು ಒಳಗೆ ಕಾಲಿಟ್ಟರೆ ಎದ್ದು ನಿಲ್ಲುತ್ತಾರೆ. ಈ ಬೆಳಗ್ಗೆಯೂ ಸುಭದ್ರಾಬಾಯಿ ಅದನ್ನೇ ಹೇಳಿದ್ದರು: ಹೊರಗೆ ಕೆಮ್ಮುತ್ತಾನೆ, ಒಳಗೆ ಬರುವುದಿಲ್ಲ, ಸೆರಗು ಹೊದ್ದು ಕಳೆ ತೆಗೆಯಿರಿ.

ಆರನೆಯ ಸಲ ಮಿನಾಜ ಎತ್ತಿದಳು. ಹಿಂದೆ ನಗು, ಡಬ್ಬಿಗಳ ಸದ್ದು.

“ಎಲ್ಲಿದ್ದೀರಿ?”

“ಬೇವಿನ ಗಿಡದ ಬುಡಕ್ಕ ಉಣ್ಣಾಕತ್ತೀವ್ರಿ ಅಕ್ಕೋರೆ. ನಿಮ್ಮ ಮಾವ ಭಾಳ ಕೆಮ್ಮಾಕತ್ತಾನ. ಎಲ್ಲಾರೂ ಸೆರಗು ಹೊಚ್ಚಿಕೊಂಡು ಕುಂತೀವಿ ನೋಡ್ರಿ.”

ಗುಡುಗಿತು. ಅದೇ ಗುಡುಗು ಫೋನಿನೊಳಗೆ ಸ್ವಲ್ಪ ಮೊದಲೇ ಕೇಳಿತು. ಅದರ ಹಿಂದೆ ಹತ್ತಾರು ಬಾಯಿಯ ನಗು. ಆ ಬಯಲಿನಲ್ಲಿ ಎತ್ತರವಾಗಿದ್ದುದು ಅದೊಂದೇ ಗಿಡ ಎಂದು ಸುಭದ್ರಾಬಾಯಿಗೆ ಗೊತ್ತಿತ್ತು.

ಗಿಡದ ಬುಡ ಬಿಡಿರಿ, ಸಿಡಿಲು ಬೀಳುತ್ತದೆ, ಪಂಪಿನ ಖೋಲಿಗೆ ನಡೆಯಿರಿ ಎಂದರು. ಮಿನಾಜ ಅದನ್ನು ಉಳಿದವರಿಗೆ ಹೇಳಿದಳು. ಮತ್ತೆ ನಗು. ಅಕ್ಕೋರು ಏನಂದರೂ ನಗುವುದು ಆ ಹೆಂಗಸರಿಗೆ ರೂಢಿಯಾಗಿಬಿಟ್ಟಿತ್ತು. ಸುಭದ್ರಾಬಾಯಿ ಬೈದರು, ಆಣೆ ಹಾಕಿದರು. ಯಾರೋ ದೂರದಿಂದ, ಅಕ್ಕೋರ ನಾಟಕ ಸುರುವಾಯಿತು ಎಂದದ್ದು ಕೇಳಿಸಿತು.

ಆಗ ಅವರು ಒಂದು ಉಸಿರು ಎಳೆದುಕೊಂಡು, ತರಗತಿಯಲ್ಲಿ ಪಾಠ ಒಪ್ಪಿಸಿಕೊಳ್ಳುವ ದನಿಯಲ್ಲಿ ಹೇಳಿದರು:

“ಮಿನಾಜ, ಮಾವ ಹೊಸ್ತಿಲ ದಾಟ್ಯಾನ. ಒಳಗ ಬಂದಾನ. ಯಾ ಸೊಸಿ ಕುಂತಾಳ?”

ಆ ಕಡೆ ನಗು ನಿಂತು ಬಳೆಗಳ ಸದ್ದಾಯಿತು. ಫೋನು ಕಟ್ಟಾಯಿತು.

ಹೊಲದ ಕಡೆ ನೋಡುತ್ತ ನಿಂತು ಮೂರ್ನಾಲ್ಕು ನಿಮಿಷವಾಗಿರಬೇಕು, ಮಾಳಿಗೆಯೆಲ್ಲ ಬೆಳ್ಳಗಾಯಿತು. ಶಬ್ದ ಆಮೇಲೆ ಬಂತು, ಗೋಡೆಯೊಳಗಿಂದ ಬಂದಂತೆ. ಸುಭದ್ರಾಬಾಯಿ ಮತ್ತೆ ಫೋನ್ ಹಚ್ಚಿದರು. ಹತ್ತಲಿಲ್ಲ. ಮತ್ತೆ ಹಚ್ಚಿದರು. ಮೊದಲ ಹನಿಗಳು ಶೇಂಗಾದ ಮೇಲೆ ಬಿದ್ದವು.

ಪಕ್ಕದ ಮನೆಯ ಗೌಸಿಯಾಬೇಗಂ ಹೊಲಿಗೆ ಮಷೀನು ಬಿಟ್ಟು ಮೇಲೆ ಬಂದಳು. ಸುಭದ್ರಾಬಾಯಿಯ ಕೈಯಿಂದ ಫೋನು ತೆಗೆದು ತನ್ನ ಪ್ಲಾಸ್ಟಿಕ್ ಚೀಲದಲ್ಲಿಟ್ಟಳು, ಅವರ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿದಳು. ಮಳೆ ಹಿಡಿದಾಗ ಹೊರಡಬೇಡಿರೆಂದು ಬಾಗಿಲಲ್ಲೇ ಅರ್ಧ ಗಂಟೆ ಕೂರಿಸಿಕೊಂಡಳು. ಸುಭದ್ರಾಬಾಯಿ ಹನ್ನೊಂದು ಮನೆಗಳನ್ನು ಒಂದೊಂದಾಗಿ ನೆನೆದರು. ಯಾವ ಮನೆಯ ಬಾಗಿಲಿಗೆ ಮೊದಲು ಹೋಗಿ ನಿಲ್ಲಬೇಕು ಎಂಬುದರ ಮುಂದೆ ಅವರ ಯೋಚನೆ ಹೋಗಲಿಲ್ಲ. ಮಳೆ ಸಣ್ಣಗಾದ ಕೂಡಲೇ ಇಬ್ಬರೂ ಹೊಲಕ್ಕೆ ಹೋಗುವ ಹಳ್ಳದ ದಾರಿ ಹಿಡಿದರು.

ಹಳ್ಳದ ಏರಿಯ ಮೇಲೆ ಹೆಂಗಸರು ಕಂಡರು. ಚಪ್ಪಲಿ ಕೈಯಲ್ಲಿತ್ತು, ಎರೆಮಣ್ಣು ಕಾಲಿಗೆ ಬೂಟಿನ ಹಾಗೆ ಕಟ್ಟಿತ್ತು. ಮುಂದಿದ್ದ ಮಿನಾಜಳ ತುಟಿ ನೀಲಿಯಾಗಿತ್ತು.

“ನೀವು ಹಂಗಂದ್ರಲ್ಲ, ಎಲ್ಲಾರೂ ನಮಗ ಗೊತ್ತಿಲ್ಲದಂಗ ಎದ್ದೀವ್ರಿ. ಎದ್ದ ಮ್ಯಾಲ ಆಕಾಶ ನೋಡಿ ಅಂಜಿಕಿ ಬಂತು, ಪಂಪಿನ ಖೋಲಿಗೆ ಓಡಿದಿವಿ. ಗಿಡ ಸೀಳಿ ಎರಡಾಗ್ಯದ.”

“ಎಲ್ಲಾರೂ?”

ಮಿನಾಜ ಹಿಂದೆ ತಿರುಗಿದಳು. “ಮುದುಕಿ ಶರಣಬಸಮ್ಮ ಏಳಲಿಲ್ರಿ. ನಮ್ಮ ಡಬ್ಬಿ ಎಲ್ಲಾ ಕೂಡಿಸಿ ಕಟ್ಟಾಕತ್ತಿದ್ಳು. ‘ನನ್ನ ಮಾವ ಸತ್ತು ಮೂವತ್ತು ವರ್ಷಾತು, ನಾ ಯಾರಿಗಿ ಏಳಲಿ, ನೀವು ನಡೀರಿ’ ಅಂದ್ಳು. ಕಡೀಕ ಗಂಟು ಹೊತ್ತು ಹೊಂಟಾಳ, ಇಪ್ಪತ್ತು ಹೆಜ್ಜಿ ಬಂದಿರಬೇಕು, ಅಷ್ಟರಾಗ ಸಿಡಿಲು ಬಿತ್ರಿ.”

ಎಲ್ಲರ ಕೊನೆಗೆ, ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು, ಶರಣಬಸಮ್ಮ ಬಂದಳು. ಒಂದು ಬದಿಯ ಕೂದಲು ಸುಟ್ಟು ಮುರುಟಿತ್ತು. ಡಬ್ಬಿಗಳ ಗಂಟನ್ನು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ಸುಭದ್ರಾಬಾಯಿ ಅವಳ ಎರಡೂ ಕೈ ಹಿಡಿದು, ತಪ್ಪಾಯಿತು ಎಂದರು. ಮುದುಕಿ ಅವರ ಬಾಯಿಯನ್ನೇ ನೋಡಿದಳು.

“ಏನಂದ್ರಿ?”

“ನಂದು ತಪ್ಪಾತವ್ವ, ಶರಣಬಸಮ್ಮ.”

“ಏನಂದ್ರಿ ಅಕ್ಕೋರೆ? ಜೋರ ಹೇಳ್ರಿ.”

ಸುಭದ್ರಾಬಾಯಿ ಅವಳ ಕಿವಿಗೆ ಬಾಯಿಟ್ಟು ಕೂಗಿದರು. ಮಿನಾಜ ಮುಖ ಆ ಕಡೆ ತಿರುಗಿಸಿದಳು. ಏನೋ ಒಳ್ಳೆಯ ಮಾತೇ ಇರಬೇಕೆಂದು ಶರಣಬಸಮ್ಮ ತಲೆಯಾಡಿಸಿದಳು. ಆಮೇಲೆ ಗಂಟನ್ನು ಕೆಳಗಿಟ್ಟು, ನಿಧಾನವಾಗಿ ಬಗ್ಗಿ, ಕೆಸರಿನಲ್ಲಿ ಜೋಲುತ್ತಿದ್ದ ಸುಭದ್ರಾಬಾಯಿಯ ಸೀರೆಯ ಅಂಚನ್ನು ಎತ್ತಿ ಹಿಂಡತೊಡಗಿದಳು.