ಕೇಕ್ ತಿಂದವರು ಯಾರು?

ನಮ್ಮ ಠಾಣೆಯಲ್ಲಿ ಒಂದು ಪದ್ಧತಿ ಇದೆ. ಕೆಲಸದಲ್ಲಿ ಯಾರು ಎಡವಟ್ಟು ಮಾಡಿದರೂ ಮರುದಿನ ಪಾಳಿಯವರಿಗೆಲ್ಲ ಕೇಕ್ ತರಬೇಕು. ಟೋಪಿ ಮರೆತರೆ ಕೇಕ್. ಕೀಲಿ ಒಳಗೇ ಬಿಟ್ಟು ಗಾಡಿಯ ಬಾಗಿಲು ಹಾಕಿದರೆ ಕೇಕ್. ತಂದರೆ ಮುಗಿಯಿತು, ಆಮೇಲೆ ಯಾರೂ ಆ ಮಾತು ಎತ್ತುವುದಿಲ್ಲ. ಹೊಸಬರಿಗೆ ಇದು ಬಹಳ ಹಿತವಾದ ಪದ್ಧತಿ. ಮೊದಲ ತಿಂಗಳಲ್ಲೇ ನಾನು ಎರಡು ಸಲ ತಂದೆ.

ಮೂರನೆಯ ಸಲ ತಂದದ್ದನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ನನ್ನ ಹೆಸರು ಕರ್ಸ್ಟಿ. ಥಾರ್ನ್‌ಬೆಕ್ ಪಟ್ಟಣದ ಪೊಲೀಸ್ ಕಾನ್‌ಸ್ಟೆಬಲ್. ಆಗ ಕೆಲಸಕ್ಕೆ ಸೇರಿ ಒಂಬತ್ತು ವಾರವಾಗಿತ್ತು. ಕೆಲಸ ಕಲಿಸಲು ಕ್ರೇಗ್ ಎಂಬ ಹಿರಿಯ ಕಾನ್‌ಸ್ಟೆಬಲ್ ಜೊತೆ ನನ್ನನ್ನು ಹಾಕಿದ್ದರು.

ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಕಳ್ಳತನವಾಯಿತು. ವೈರ್‌ಲೆಸ್‌ನಲ್ಲಿ ಬಂದದ್ದು ಇಷ್ಟೇ: ಕಪ್ಪು ಕೋಟು, ಕೈಯಲ್ಲಿ ದೊಡ್ಡ ಚೀಲ. ಮೈಬಣ್ಣದ ಮಾತೇ ಇರಲಿಲ್ಲ. ಅಷ್ಟರಲ್ಲಿ ಕಪ್ಪು ಕೋಟಿನ ಬಿಳಿಯರೊಬ್ಬರು ದೊಡ್ಡ ಪೆಟ್ಟಿಗೆ ಹಿಡಿದು ನಮ್ಮ ಮುಂದೆಯೇ ಹೋದರು. ಕ್ರೇಗ್ ಅವರಿಗೆ ನಮಸ್ಕಾರದಂತೆ ಕೈಬೀಸಿ ಹೋಗಲು ಬಿಟ್ಟ. ಅವರ ಹಿಂದೆಯೇ ಇನ್ನೊಬ್ಬರು ಅವಸರದಲ್ಲಿ ಬರುತ್ತಿದ್ದರು. ಅಂಥದೇ ಕೋಟು, ಅಂಥದೇ ಪೆಟ್ಟಿಗೆ. ಇವರು ಕಪ್ಪು ಜನಾಂಗದವರು.

"ನೋಡೇ, ಆ ಪೆಟ್ಟಿಗೇಲಿ ಯಾರ ಮನೆ ಟೀವಿ ಹೊರಟಿದೆಯೋ!" ಅಂದ ಕ್ರೇಗ್.

ನಾನು ನಕ್ಕೆ. ನಗು ಬಂದಿತ್ತೇ? ಇಲ್ಲ. ಕಲಿಸುವವನು ತಮಾಷೆ ಮಾಡಿದ, ನಕ್ಕೆ.

ಹಿಂದೆ ಬರುತ್ತಿದ್ದವರನ್ನು ತಡೆದು ನಿಲ್ಲಿಸಿದೆವು. ಅವರ ಹೆಸರು ಹಾರೇಸ್ ಪಿನಕ್. ಊರಿನ ಹಿತ್ತಾಳೆ ಬ್ಯಾಂಡಿನಲ್ಲಿ ನಲವತ್ತು ವರ್ಷ ಊದಿದವರು.

"ಬೇಗ ಬಿಡಿ ಸಾರ್, ಹನ್ನೊಂದಕ್ಕೆ ಚರ್ಚಲ್ಲಿರ್ಬೇಕು. ನಮ್ ಬ್ಯಾಂಡ್ ಮೇಷ್ಟ್ರು ಹೋಗ್ಬಿಟ್ರು, ಅವರ ಮಣ್ಣಿಗೆ ಊದ್ಬೇಕು. ಈಗ ಮುಂದೆ ಹೋದನಲ್ಲ, ಅವನೂ ನಮ್ ಬ್ಯಾಂಡಿನವನೇ."

"ಅದೆಲ್ಲ ಆಮೇಲೆ. ಪೆಟ್ಟಿಗೆ ತೆಗೀರಿ," ಅಂದ ಕ್ರೇಗ್.

ಒದ್ದೆ ರಸ್ತೆಯ ಮೇಲೆ ಅವರ ವಾದ್ಯವನ್ನು ಇಡಿಸಿದೆವು. ಜೇಬುಗಳನ್ನು ಜಾಲಾಡಿದ್ದು ನಾನೇ. ಏಕೆ ತಡೆದೆವು ಎಂದು ಹೇಳಲಿಲ್ಲ. ಶೋಧನೆ ಮಾಡಿದ್ದಕ್ಕೆ ಕೊಡಬೇಕಾದ ಚೀಟಿಯನ್ನೂ ಕೊಡಲಿಲ್ಲ. ಅವರು ಮಂಡಿಯೂರಿ ಕರವಸ್ತ್ರದಿಂದ ವಾದ್ಯ ಒರೆಸುತ್ತಿದ್ದಾಗ ಚರ್ಚಿನ ಗಂಟೆ ಹನ್ನೊಂದು ಹೊಡೆಯಿತು. ಹೆಸರು, ವಿಳಾಸ ವಿಚಾರಿಸಿ ಅವರನ್ನು ಬಿಡುವಷ್ಟರಲ್ಲಿ ಇನ್ನೂ ಅರ್ಧ ಗಂಟೆ ಕಳೆದಿತ್ತು.

"ಮಣ್ಣಿಗೆ ಹೊರಟವರನ್ನೇ ಹಿಡಿದ್ಲು! ಕೇಕ್, ಕೇಕ್!" ಎಂದು ಠಾಣೆಯಲ್ಲಿ ಒಂದೇ ಗಲಾಟೆ. ಮರುದಿನ ತಂದೆ. ಕೇಕಿನ ಮೇಲೆ ಸಕ್ಕರೆಯ ತುತ್ತೂರಿ ಬರೆಸಿದ್ದೆ. ಹೌದು, ನಾನೇ ಹೇಳಿ ಬರೆಸಿದ್ದೆ. ಕ್ರೇಗ್ ಎರಡು ತುಂಡು ತಿಂದ.

ಹತ್ತು ದಿನದ ಮೇಲೆ ಪಿನಕ್ ಅವರ ದೂರು ಬಂತು. "ನನ್ನನ್ನು ತಡೆಯುವ ಮೊದಲು ಆ ಹುಡುಗಿ ನಕ್ಕಳು. ಯಾಕೆ ನಕ್ಕಳು ಎಂದು ತಿಳಿಯಬೇಕು" ಎಂದು ಬರೆದಿದ್ದರು.

ನಮ್ಮ ಎದೆಯ ಮೇಲಿನ ಕ್ಯಾಮೆರಾದಲ್ಲಿ ಗುಂಡಿ ಒತ್ತುವುದಕ್ಕೆ ಮುಂಚಿನ ಅರ್ಧ ನಿಮಿಷದ ಚಿತ್ರವೂ ಉಳಿದಿರುತ್ತದೆ. ದನಿ ಮಾತ್ರ ಇರುವುದಿಲ್ಲ. ಕ್ರೇಗನ ಕ್ಯಾಮೆರಾದ ಆ ಅರ್ಧ ನಿಮಿಷದಲ್ಲಿ ನಾನಿದ್ದೆ, ಹಲ್ಲು ಬಿಟ್ಟುಕೊಂಡು. ನಡೆದದ್ದನ್ನು ಬರೆದುಕೊಡು ಎಂದರು ಇನ್‌ಸ್ಪೆಕ್ಟರ್.

"ದನಿ ಇಲ್ವಲ್ಲ, ಯಾಕೆ ಹೆದರ್ತೀಯ? ಪಾರಿವಾಳ ನೋಡಿ ನಕ್ಕೆ ಅಂತ ಬರಿ," ಅಂದ ಕ್ರೇಗ್. "ನಿನ್ ಕೆಲಸ ಇನ್ನೂ ಖಾಯಂ ಆಗಿಲ್ಲ, ನೆನಪಿರ್ಲಿ."

ಆ ಭಾನುವಾರ ಥೆಲ್ಮಾ ದೊಡ್ಡಮ್ಮನ ಮನೆಗೆ ಹೋದೆ. ಅವಳು ಪೊಲೀಸ್ ಸಾರ್ಜೆಂಟ್ ಆಗಿ ನಿವೃತ್ತಳಾದವಳು. ಚಹಾ ಮುಂದಿಟ್ಟು ಎಲ್ಲವನ್ನೂ ಕೇಳಿಸಿಕೊಂಡಳು.

"ನಾನೇನಂದೆ ದೊಡ್ಡಮ್ಮ? ಅಂದಿದ್ದು ಅವನು. ನಾನು ನಕ್ಕೆ ಅಷ್ಟೇ. ಕೇಕೂ ತಂದಾಯ್ತಲ್ಲ."

"ತಪ್ಪಾಗಿದ್ದು ಯಾರಿಗೆ?"

"ಪಿನಕ್ ಅವರಿಗೆ."

"ಕೇಕ್ ತಿಂದಿದ್ದು ಯಾರು?"

"ಠಾಣೆಯವರು. ನಾನೂ," ಅಂದೆ.

"ನಾನೂ ಇಪ್ಪತ್ತಾರು ವರ್ಷ ತಿಂದಿದ್ದೀನಿ ಕಣೇ," ಅಂದಳು. "ಯಾರ್ಯಾರಿಗೆ ಅನ್ಯಾಯ ಆದಾಗ ತಿಂದೆ ಅಂತ ನೆನಪೂ ಇಲ್ಲ. ನನಗೆ ಅದೇ ನಾಚಿಕೆ. ಸೇರೋವಾಗ ಏನಂತ ಪ್ರಮಾಣ ಮಾಡ್ದೆ, ಹೇಳು?"

"ಎಲ್ಲರಿಗೂ ಸಮನಾದ ಗೌರವ ಕೊಡ್ತೀನಿ ಅಂತ."

"ಹಾಗಿದ್ರೆ 'ಮುಂದೆ ಹೋದವರನ್ನ ಯಾಕೆ ಬಿಟ್ವಿ?' ಅಂತ ಒಂದು ಮಾತು ಕೇಳ್ಬಾರ್ದಿತ್ತಾ? ಕೇಳಿದ್ದಿದ್ರೆ ಆತ ಹೊತ್ತಿಗೆ ಸರಿಯಾಗಿ ಹೋಗ್ತಿದ್ದ. ನೀನು ನಕ್ಕಿದ್ದಕ್ಕೇ ಕ್ರೇಗ್‌ಗೆ ಧೈರ್ಯ ಬಂತು."

"ಕೆಲಸ ಹೋದ್ರೆ?"

"ಹೋಗ್ಬಹುದು. ಸುಳ್ಳು ಬರೆದ್ರೆ ಕೆಲಸ ಇರುತ್ತೆ. ಆ ಪಾರಿವಾಳನೂ ಇರುತ್ತೆ, ಸಾಯೋ ತನಕ ನಿನ್ ಹೆಗಲ ಮೇಲೆ."

ಸೋಮವಾರ ಎಲ್ಲವನ್ನೂ ಬರೆದುಕೊಟ್ಟೆ. ಟೀವಿಯ ಮಾತು, ನನ್ನ ನಗು, ಕೊಡದ ಚೀಟಿ, ಪಾರಿವಾಳ, ತುತ್ತೂರಿ ಬರೆದ ಕೇಕ್. ಪಾಳಿಯ ಅರ್ಧ ಜನ ನನ್ನ ಜೊತೆ ಮಾತು ಬಿಟ್ಟರು. ನಾನು ಮಾಡಿಟ್ಟ ಚಹಾ ಹಾಗೇ ಆರಿಹೋಗುತ್ತಿತ್ತು.

ಪಿನಕ್ ಅವರು ನಾನು ಬರೆದುಕೊಟ್ಟ ಕಾಗದ ಓದಲು ಒಪ್ಪಲಿಲ್ಲ. ನನ್ನ ಬಾಯಿಂದಲೇ ಕೇಳಬೇಕು ಎಂದರು. ಅವರ ಮನೆಗೆ ಹೋಗಿ, ಅವರೆದುರು ನಿಂತು, ಆ ಟೀವಿಯ ಮಾತನ್ನೂ ನಾನು ನಕ್ಕ ಕಾರಣವನ್ನೂ ಇದ್ದ ಹಾಗೆ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಉದ್ದನೆಯ ವಾಕ್ಯ ಇನ್ನೊಂದಿಲ್ಲ.

"ನಾನು ಹೋದಾಗ ಕೊನೇ ಹಾಡು ಮುಗೀತಾ ಇತ್ತು. ನನ್ ಕುರ್ಚಿ ಖಾಲಿ ಬಿಟ್ಟಿದ್ರಮ್ಮ. ಎಂಟು ವರ್ಷದವನಿದ್ದಾಗ ನನ್ ಕೈಗೆ ವಾದ್ಯ ಕೊಟ್ಟ ಮೇಷ್ಟ್ರು ಅವರು," ಅಂದರು. ಆಮೇಲೆ ಬಾಗಿಲವರೆಗೆ ಬಂದರು. "ನಿಜ ಹೇಳಿದ್ದು ಒಳ್ಳೇದಾಯ್ತು. ಕ್ಷಮಿಸೋಕೆ ಮಾತ್ರ ಇವತ್ತು ಆಗಲ್ಲ."

ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಕೆಲಸ ಉಳಿಯಿತು. ಕ್ರೇಗ್ ಈಗ ಹೊಸಬರಿಗೆ ಕಲಿಸುತ್ತಿಲ್ಲ. ಪಿನಕ್ ಅವರಿಗೆ ಆ ಬೆಳಗಿನ ಹನ್ನೊಂದು ಗಂಟೆಯ ಹೊತ್ತನ್ನು ಯಾರೂ ತಿರುಗಿ ಕೊಡಲಿಲ್ಲ.

ಹೊಸದಾಗಿ ಸಮವಸ್ತ್ರ ತೊಟ್ಟ ತಮ್ಮಂದಿರೇ, ತಂಗಿಯರೇ, ಯಾರನ್ನಾದರೂ ತಡೆಯುವ ಮುನ್ನ ಕಾರಣ ಹೇಳಿ. ಆ ಕಾರಣ ಪಕ್ಕದಲ್ಲಿ ಹೋದವರಿಗೂ ಸಲ್ಲುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಚೀಟಿ ಕೊಡಿ. ಹಿರಿಯರು ಕೆಟ್ಟ ತಮಾಷೆ ಮಾಡಿದರೆ ನಗಬೇಡಿ, ಬಾಯಿಬಿಟ್ಟು ಕೇಳಿ. ಟೋಪಿ ಮರೆತರೆ ಕೇಕ್ ತನ್ನಿ, ನಾನೂ ಒಂದು ತುಂಡು ತಿನ್ನುತ್ತೇನೆ. ಆದರೆ ಒಬ್ಬ ಮನುಷ್ಯನಿಗೆ ತಪ್ಪು ಮಾಡಿದ ದಿನ ಠಾಣೆಗೆ ಕೇಕ್ ತರಬೇಡಿ. ಅವರ ಮನೆಗೆ ಹೋಗಿ ಬಾಗಿಲು ತಟ್ಟಿ, ಯಾಕೆ ನಕ್ಕಿರಿ ಎಂದು ಹೇಳಿ.